ಪಾಪದ ಹೆಂಗಸರಲ್ಲ

ಕೇಳುಗರಿಗೆ ನಮಸ್ಕಾರ.

ಉರ್ದು ಕಾವ್ಯ ಅಂದ ಕೂಡಲೇ ನಮಗೆ ನೆನಪಾಗುವುದು ಗಜಲ್. ಅಲ್ಲಿ ಪ್ರೀತಿಸುವವನು ಗಂಡು. ವ್ಯಾಕರಣದ ಲೆಕ್ಕಕ್ಕೆ ಪ್ರಿಯತಮೆಯೂ ಗಂಡೇ! ಹಾಗಾಗಿ ಹೆಣ್ಣೊಬ್ಬಳು ಕವಿತೆಯಲ್ಲಿ ‘ಜಾತಾ ಹೂಂ’ ಬಿಟ್ಟು ‘ಜಾತೀ ಹೂಂ’ ಎಂದದ್ದೇ ಒಂದು ದಿಟ್ಟತನ. ಕನ್ನಡಕ್ಕೆ ತಂದರೆ ಎರಡೂ ‘ಹೋಗುತ್ತೇನೆ’. ಆ ಈಕಾರವನ್ನು ಎಲ್ಲಿ ಇಡುವುದು?

ಮಾತ್ರೆಯ ಕಟ್ಟು ಸಡಿಲಿಸಿದ್ದು ಆಜಾದ್ ನಜ್ಮ್, ಅಂದರೆ ಮುಕ್ತಛಂದದ ಕವಿತೆ; ಅದನ್ನೂ ಕಳಚಿದ್ದು ನಸ್ರೀ ನಜ್ಮ್, ಅಂದರೆ ಗದ್ಯಕವಿತೆ. ಪಾಕಿಸ್ತಾನದ ಫಹ್ಮೀದಾ ರಿಯಾಜ್, ಸಾರಾ ಶಗುಫ್ತಾ, ಅಜ್ರಾ ಅಬ್ಬಾಸ್ ಈ ದಾರಿ ಹಿಡಿದವರು. ಫಹ್ಮೀದಾ ಅವರ ‘ಬದನ್ ದರೀದಾ’ ಸಂಕಲನ 1973ರಲ್ಲಿ ಬಂದಾಗ ಅಶ್ಲೀಲ ಎಂದು ಹುಯಿಲೆದ್ದಿತು.

ಕನ್ನಡಕ್ಕೆ ತರಲು ಹೋಗಿ ನಾನು ಸಿಕ್ಕಿಬಿದ್ದದ್ದು ಮಾತ್ರ ಕಿಶ್ವರ್ ನಾಹೀದರ ‘ಹಮ್ ಗುನಹ್‌ಗಾರ್ ಔರತೇಂ’ ಕವಿತೆಯಲ್ಲಿ. 1940ರಲ್ಲಿ ಬುಲಂದ್‌ಶಹರಿನಲ್ಲಿ ಹುಟ್ಟಿ, ದೇಶ ಒಡೆದ ಮೇಲೆ ಲಾಹೋರು ಸೇರಿದವರು ಅವರು. ರುಖ್ಸಾನಾ ಅಹ್ಮದ್ ಇಂಗ್ಲಿಷಿಗೆ ಅನುವಾದಿಸಿದ 1991ರ ಸಂಕಲನಕ್ಕೂ ಈ ಕವಿತೆಯದೇ ಹೆಸರು.

ಮೊದಲು ‘ನಾವು ಪಾಪದ ಹೆಂಗಸರು’ ಎಂದು ಬರೆದೆ. ಓದಿ ಹೇಳಿದರೆ ನಮ್ಮಕ್ಕ, “ಅಯ್ಯೋ, ಏನಾಯ್ತಂತೆ ಅವರಿಗೆ?” ಅಂದಳು. ನಿಜವೇ. ಪಾಪದವಳು ಎಂದರೆ ನಮ್ಮಲ್ಲಿ ಬಾಯಿಲ್ಲದವಳು, ಹಸುವಿನಂಥವಳು. ತಲೆ ತಗ್ಗಿಸದ, ಕೈ ಮುಗಿಯದ ಹೆಂಗಸರ ಕವಿತೆಗೆ ಇದಕ್ಕಿಂತ ಅನ್ಯಾಯ ಉಂಟೆ? ‘ಪಾಪಿಗಳು’ ಅಂದರೆ ಹರಿಕಥೆ ಕೇಳಿದ ಹಾಗಾಗುತ್ತದೆ.

ಆಗ ಹೊಳೆದದ್ದು ‘ಗುನ್ನೆ’. ‘ಗುನಾಹ್’ ಅನ್ನುವುದೇ ನಮ್ಮ ಪೊಲೀಸ್ ಠಾಣೆಗೆ ಬಂದು, ‘ಗುನ್ನೆ ನಂಬರ್’ ಆಗಿ ಕೂತಿದೆ. ಉರ್ದುವಿನಲ್ಲಿ ಗುನಾಹ್ ದೇವರ ಮುಂದಿನ ತಪ್ಪು. ಕಾನೂನಿನ ತಪ್ಪಿಗೆ ‘ಜುರ್ಮ್’ ಎಂಬ ಬೇರೆ ಮಾತಿದೆ. ಪಾಕಿಸ್ತಾನದ ಸೇನಾಡಳಿತಗಾರ ಜಿಯಾ ಉಲ್ ಹಕ್ 1979ರಲ್ಲಿ ಧರ್ಮದ ಹೆಸರಲ್ಲಿ ತಂದ ಹುದೂದ್ ಕಾನೂನುಗಳು ಮಾಡಿದ್ದೂ ಅದನ್ನೇ: ಮದುವೆಯಾಚೆಗಿನ ಸಂಬಂಧವನ್ನು ಠಾಣೆಯ ಕೇಸು ಮಾಡಿದವು. ಹಾಗಾಗಿ ‘ಗುನ್ನೆಗಾರ ಹೆಂಗಸರು’ ಎಂದೇ ಇಟ್ಟೆ. ಕಿವಿಗೆ ಒರಟು, ಇರಲಿ.

ಇನ್ನೊಂದು ತೊಡಕು. ಈ ಹೆಂಗಸರು ಹೆದರದಿರುವುದು ‘ಅಹ್ಲ್-ಎ-ಜುಬ್ಬಾ’ದ, ಅಂದರೆ ಜುಬ್ಬಾ ತೊಟ್ಟವರ ಗತ್ತಿಗೆ. ಅಲ್ಲಿ ಜುಬ್ಬಾ ಎಂದರೆ ಅಧಿಕಾರದ, ಧರ್ಮದ ನಿಲುವಂಗಿ. ಇಲ್ಲಿ? ಹೆಗಲಿಗೊಂದು ಚೀಲ ಸಿಕ್ಕಿಸಿದ ಸಾಹಿತಿ. ‘ನಿಲುವಂಗಿ’ ಎಂದು ತಿದ್ದಿದೆ. ಆಮೇಲೆ ನಮ್ಮ ಸಮ್ಮೇಳನಗಳ ವೇದಿಕೆ, ಅದರ ಮೊದಲ ಸಾಲು ಕಣ್ಣಿಗೆ ಬಂತು. ಹೊಡೆದು ಹಾಕಿ, ಜುಬ್ಬಾ ಎಂದೇ ಉಳಿಸಿಕೊಂಡೆ.