ದೊಡ್ಡ ಮೀನು ಓಡಿ ಬೇಟೆ ಆಡುವುದಿಲ್ಲ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ ಮನೆಯಲ್ಲಿ ಚಾ ಕುಡಿಯುತ್ತಾ ಕೂರುವುದು ಬಿಟ್ಟು ಇಷ್ಟು ಜನ ಕೋಡಿಬೆಂಗ್ರೆವರೆಗೆ ಬಂದಿದ್ದೀರಿ. ಗಾಳದ ಹುಚ್ಚು ನನಗೊಬ್ಬನಿಗೇ ಅಲ್ಲ ಅಂತಾಯ್ತು. ಹಿಂದಿನ ಸಾಲಿನಲ್ಲಿ ಇಬ್ಬರು ಹಿರಿಯರಿದ್ದಾರೆ. ಅವರು ಬೀಸುಬಲೆಯಲ್ಲಿ ಹಿಡಿದಷ್ಟು ಮೀನು ನಾನು ಕಣ್ಣಲ್ಲಿ ನೋಡಿಯೂ ಇಲ್ಲ. ನಾನು ತಪ್ಪು ಹೇಳಿದರೆ ಅಲ್ಲಿಂದಲೇ ಕೂಗಿಬಿಡಿ ಮಾರಾಯ್ರೆ.

ಮೊನ್ನೆ ಪಕ್ಕದ ಮನೆಯ ಹುಡುಗ ಕೇಳಿದ, "ಅಣ್ಣ, ಅಮೆರಿಕದವರು ವಿಡಿಯೋದಲ್ಲಿ ಬಾಸ್ ಹಿಡೀತಾರಲ್ಲ, ಆ ಲೂರ್ ತರಿಸಿದ್ರೆ ಇಲ್ಲಿ ನಡೀತದಾ?" ಲೂರ್ ಅಂದರೆ ಮೀನಿಗೆ ಮೋಸ ಮಾಡುವ ನಕಲಿ ಎರೆ. ಅವನ ಫೋನಿನಲ್ಲಿ ನಾಲ್ಕು ಸಾವಿರ ರೂಪಾಯಿಯ ಸಾಮಾನು ಆಗಲೇ ಕಾರ್ಟಿಗೆ ಬಿದ್ದಿತ್ತು! ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ, ಸ್ವಲ್ಪ ಉದ್ದಕ್ಕೆ.

ಆ ವಿಡಿಯೋದ ಮೀನು ಲಾರ್ಜ್‌ಮೌತ್ ಬಾಸ್. ಕೆರೆ, ಸಿಹಿನೀರಿನ ಮೀನು. ನಮ್ಮ ಹೊಳೆಗಳಲ್ಲಿ ಇಲ್ಲ. ಅದರ ದಾಖಲೆಯ ಕಥೆ ಮಾತ್ರ ಚೆನ್ನಾಗಿದೆ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಅನ್ನುವವರು 22 ಪೌಂಡ್ 4 ಔನ್ಸಿನ ಒಂದನ್ನು ಹಿಡಿದರು. ನಮ್ಮ ಲೆಕ್ಕದಲ್ಲಿ 10 ಕಿಲೋ ಚಿಲ್ಲರೆ. ತೂಕ ಮಾಡಿಸಿ, ಮನೆಗೆ ಒಯ್ದು, ಪದಾರ್ಥ ಮಾಡಿ ತಿಂದರು. ವಿಶ್ವದಾಖಲೆ ಹೊಟ್ಟೆಗೆ ಹೋಯ್ತು! 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದದ್ದು ಅದಕ್ಕಿಂತ ಒಂದು ಔನ್ಸಿನಷ್ಟೂ ಜಾಸ್ತಿ ಇರಲಿಲ್ಲ. ದಾಖಲೆ ಮುರಿಯಲು ಕನಿಷ್ಠ ಎರಡು ಔನ್ಸ್ ಹೆಚ್ಚು ಬೇಕು ಅಂತ ನಿಯಮ. ಹಾಗಾಗಿ ಇಬ್ಬರಿಗೂ ಸಮಪಾಲು.

ನಮಗೆ ಇರುವ ಬಾಸ್ ಬೇರೆ. ಪಂಜರ ಕೃಷಿಯವರು ಸಾಕುತ್ತಾರಲ್ಲ, ಆ ಸೀಬಾಸ್. ಕೇರಳದಲ್ಲಿ ಕಾಳಾಂಜಿ, ಬಂಗಾಳದಲ್ಲಿ ಭೆಟ್ಕಿ, ಆಸ್ಟ್ರೇಲಿಯಾದಲ್ಲಿ ಬಾರಾಮುಂಡಿ, ಎಲ್ಲವೂ ಇದೇ. ಅಮೆರಿಕದ್ದಕ್ಕೂ ಇದಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ, ಬುದ್ಧಿ ಮಾತ್ರ ಒಂದೇ. ಗಾತ್ರ ಕೇಳಬೇಡಿ. 2010ರಲ್ಲಿ ಕ್ವೀನ್ಸ್‌ಲ್ಯಾಂಡಿನ ಒಂದು ಜಲಾಶಯದಲ್ಲಿ ಗಾಳಕ್ಕೆ ಬಿದ್ದದ್ದು 44.64 ಕಿಲೋ. ನಮ್ಮಲ್ಲಿ ಗಾಳಕ್ಕೆ ಐದು ಕಿಲೋದ್ದು ಬಿದ್ದರೆ ಊರಿಗೇ ಸುದ್ದಿ, ಅಲ್ವಾ?

ಈಗ ವಿಷಯಕ್ಕೆ ಬರುತ್ತೇನೆ. ದೊಡ್ಡ ಸೀಬಾಸ್ ಸೋಮಾರಿ. ಬಂಗುಡೆ, ಬೂತಾಯಿ ಹಾಗೆ ದಿನವಿಡೀ ಸುತ್ತುವ ಮೀನಲ್ಲ. ಒಂದು ಕಲ್ಲು, ಸೇತುವೆಯ ಒಂದು ಕಂಬ, ಕಾಂಡ್ಲಾದ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡದ) ಬೇರು, ನೀರೊಳಗೆ ಮುರಿದು ಬಿದ್ದ ತೆಂಗಿನ ಮರ, ಇಂಥದ್ದರ ಮರೆಯಲ್ಲಿ ಮೂತಿಯನ್ನು ಹರಿವಿನ ಎದುರಿಗೆ ಇಟ್ಟು ನಿಂತಿರುತ್ತದೆ. ಊಟ ತಾನಾಗಿ ಬರಲಿ ಅಂತ. ಎದುರಿಗೆ ಬಂದದ್ದನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ಒಮ್ಮೆಲೇ ಬಾಯಿ ತೆರೆದು ನೀರಿನ ಸಮೇತ ಒಳಗೆಳೆಯುತ್ತದೆ. ರಾತ್ರಿ ಕಾಂಡ್ಲಾದ ಹತ್ತಿರ "ಬುಫ್" ಅಂತ ಸದ್ದು ಕೇಳಿದ್ದೀರಾ? ಗೋಣಿಯನ್ನು ನೀರಿಗೆ ಬಡಿದ ಹಾಗೆ? ಅದೇ.

ಅಂದ ಮೇಲೆ ಮೊದಲು ಕಲಿಯಬೇಕಾದದ್ದು ನೀರು. ಲೂರ್ ಆಮೇಲೆ. ನಮ್ಮ ಕಡೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆ ಬದಿಗೆ ಸೆಳೆತ ಜೋರು. ಉಬ್ಬರದಲ್ಲಿ ಸಣ್ಣ ಮೀನು, ಸಿಗಡಿ ಎಲ್ಲ ಕಾಂಡ್ಲಾದ ಒಳಗೆ, ಸಣ್ಣ ತೋಡುಗಳ ಒಳಗೆ ನುಗ್ಗಿರುತ್ತವೆ. ಇಳಿತ ಶುರುವಾದಾಗ ನೀರಿನೊಂದಿಗೆ ಹೊರಗೆ ಬರಲೇಬೇಕು. ತೋಡು ಹೊಳೆಗೆ ಸೇರುವ ಬಾಯಿಯಲ್ಲಿ ದೊಡ್ಡದು ಕಾಯುತ್ತಿರುತ್ತದೆ. ಇಳಿತದ ಮೊದಲ ಎರಡು ಗಂಟೆ ನನಗೆ ಕೊಟ್ಟಷ್ಟು ಮೀನು ಬೇರೆ ಯಾವ ಹೊತ್ತೂ ಕೊಟ್ಟಿಲ್ಲ. ಇಲ್ಲೇ ನೋಡಿ, ಸ್ವರ್ಣಾ, ಸೀತಾ ಎರಡೂ ಕಡಲಿಗೆ ಸೇರುವ ಜಾಗ. ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ಹೊಳೆಗಳ ಅಳಿವೆ. ಮೂಲ್ಕಿಯಲ್ಲಿ ಶಾಂಭವಿ, ನಂದಿನಿ. ಮೀನಿಗೆ ಬೇಕಾದ ಜಾಗ ನಮಗೆ ಪುಕ್ಕಟೆ ಸಿಕ್ಕಿದೆ, ನಾವು ಮಾತ್ರ ಮೊಬೈಲಿನಲ್ಲಿ ಅಮೆರಿಕದ ಕೆರೆ ನೋಡುತ್ತಾ ಕೂತಿದ್ದೇವೆ.

ಸೇತುವೆಯ ಕೆಳಗೆ ಇನ್ನೊಂದು ಗುಟ್ಟು ಉಂಟು. ರಾತ್ರಿ ದಾರಿದೀಪದ ಬೆಳಕು ನೀರಿಗೆ ಬಿದ್ದು, ಸೇತುವೆಯ ನೆರಳು ಒಂದು ಗೆರೆ ಎಳೆದ ಹಾಗೆ ಕಾಣುತ್ತದೆ. ಸಣ್ಣ ಮೀನು ಬೆಳಕಿನಲ್ಲಿ, ದೊಡ್ಡದು ಕತ್ತಲಿನಲ್ಲಿ. ಲೂರನ್ನು ನೇರ ಕತ್ತಲಿಗೆ ಎಸೆಯಬೇಡಿ. ಹರಿವಿನ ಮೇಲ್ಗಡೆ, ಬೆಳಕಿಗೆ ಎಸೆಯಿರಿ. ನೀರೇ ಅದನ್ನು ತೇಲಿಸಿಕೊಂಡು ಗೆರೆ ದಾಟಿಸಲಿ. ಹೊಡೆತ ಬೀಳುವುದು ಹೆಚ್ಚಾಗಿ ಆ ಗೆರೆಯ ಮೇಲೆ.

ಲೂರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನನ್ನ ಪೆಟ್ಟಿಗೆಯಲ್ಲಿ ನಲವತ್ತು ಇದ್ದಾವೆ, ನೀರಿಗೆ ಇಳಿಯುವುದು ನಾಲ್ಕೇ. ಇದು ಮಿನ್ನೋ, ಗಟ್ಟಿ ಪ್ಲಾಸ್ಟಿಕ್ಕಿನ ಮೀನು, ಒಂದು ಗೇಣಿಗಿಂತ ಸ್ವಲ್ಪ ಚಿಕ್ಕದು. ಇದು ಬಾಲ ಅಲ್ಲಾಡಿಸುವ ರಬ್ಬರ್ ಮೀನು, ತಲೆಯಲ್ಲಿ ಸೀಸ. ಇದು ರಬ್ಬರ್ ಸಿಗಡಿ. ಇದು ಪಾಪರ್, ನೀರಿನ ಮೇಲೆ ಗುಳುಗುಳು ಮಾಡುತ್ತದೆ, ಮುಂಜಾನೆ ಗಾಳಿ ಇಲ್ಲದಾಗ ಒಳ್ಳೆಯದು. ಹೊಳೆಯಲ್ಲಿ ಸಿಗಡಿ ತುಂಬಿರುವಾಗ ದೊಡ್ಡ ಮಿನ್ನೋ ತೋರಿಸಿದರೆ ಮೀನು ತಿರುಗಿಯೂ ನೋಡುವುದಿಲ್ಲ. ಆಗ ಮೂರು ಇಂಚಿನ ಸಿಗಡಿಯೇ ಗತಿ. ಕೆಂಪು ಮಣ್ಣು ಕದಡಿದ ನೀರಿನಲ್ಲಿ ಸದ್ದು ಮಾಡುವುದು ಬೇಕು, ಯಾಕೆಂದರೆ ಮೀನು ಆಗ ಕಣ್ಣಿಗಿಂತ ಮೈಯ ಬದಿಯ ಗೆರೆಯಿಂದ ನೀರಿನ ನಡುಕವನ್ನು ಹಿಡಿಯುತ್ತದೆ. ಬಣ್ಣದ ಬಗ್ಗೆ ಗಂಟೆಗಟ್ಟಲೆ ಜಗಳ ಆಡುವವರಿದ್ದಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ.

ನಂಬಿಕೆ ಇರುವುದು ನಿಲ್ಲಿಸುವುದರಲ್ಲಿ. ಹೊಸಬರು ರೀಲನ್ನು ಹೊಲಿಗೆ ಮಿಷನ್ ಹಾಗೆ ತಿರುಗಿಸುತ್ತಾರೆ. ಲೂರ್ ಓಡಿ ಬರುತ್ತದೆ, ಮೀನು ನೋಡಿ ಸುಮ್ನೆ ಬಿಡುತ್ತದೆ. ಎಸೆಯಿರಿ. ಎರಡು ಸುತ್ತು ತಿರುಗಿಸಿ. ರಾಡಿನ ತುದಿಯಿಂದ ಒಂದು ಸಣ್ಣ ಜಗ್ಗು ಕೊಡಿ. ನಿಲ್ಲಿಸಿ. ಮನಸ್ಸಿನಲ್ಲಿ ಐದು ಎಣಿಸಿ. ಕಂಬದ ಪಕ್ಕಕ್ಕೆ ಬಂದಾಗ ಹತ್ತು ಎಣಿಸಿ. ಲೂರ್ ಸತ್ತ ಹಾಗೆ ತೇಲುತ್ತಾ ಇರುತ್ತದೆ, ನಿಮಗೆ ಕೈ ತುರಿಸುತ್ತದೆ, ಆದರೂ ತಿರುಗಿಸಬೇಡಿ. ನನ್ನ ದೊಡ್ಡ ಮೀನುಗಳಲ್ಲಿ ಮುಕ್ಕಾಲು ಪಾಲು ಲೂರ್ ನಿಂತಿದ್ದಾಗಲೇ ಹೊಡೆದದ್ದು.

ಹಾಂ, ಹಿಂದಿನಿಂದ ಹೇಳ್ತಿದ್ದಾರೆ, "ಜೀವದ ಸಿಗಡಿ ಹಾಕಿದ್ರೆ ಇಷ್ಟೆಲ್ಲ ಲೆಕ್ಕ ಬೇಡ" ಅಂತ. ನಿಜ ಅಜ್ಜ. ಆ ಜಪಾನಿನವರು ದಾಖಲೆಯ ಮೀನು ಹಿಡಿದದ್ದೂ ಜೀವದ ಮೀನನ್ನೇ ಗಾಳಕ್ಕೆ ಹಾಕಿ. ಒಪ್ಪಿದೆ.

ಇನ್ನು ಸಾಮಾನು. ಏಳೆಂಟು ಅಡಿಯ ರಾಡು, 4000 ಸೈಜಿನ ರೀಲು, 30 ಪೌಂಡಿನ, ಅಂದರೆ ಅಷ್ಟು ಎಳೆತ ತಡೆಯುವ, ಹೆಣೆದ ದಾರ. ಅದರ ತುದಿಗೆ ಒಂದು ಮೀಟರಿನಷ್ಟು ದಪ್ಪ ತಂಗೂಸಿ, 50 ಪೌಂಡಿಗೆ ಕಡಿಮೆ ಬೇಡ. ಯಾಕೆ ಅಂತ ನನ್ನ ಕಥೆಯಿಂದಲೇ ತಿಳಿಯಿರಿ. ಮೂರು ವರ್ಷದ ಹಿಂದೆ, ಅಕ್ಟೋಬರಿನಲ್ಲಿ, ಒಂದು ಸೇತುವೆಯ ಕೆಳಗೆ, ರಾತ್ರಿ ಹತ್ತೂವರೆ ಹೊತ್ತಿಗೆ ಹೊಡೆಯಿತು. ಟಾರ್ಚ್ ಹಾಕಿದರೆ ಕೆಂಡದ ಹಾಗೆ ಎರಡು ಕಣ್ಣು. ನನ್ನ ತೊಡೆಯಷ್ಟು ದಪ್ಪ. ಹಾರಿತು. ಗಾಳಿಯಲ್ಲೇ ತಲೆ ಕೊಡವಿತು. ದಾರ ಸಡಿಲವಾಯ್ತು. ಎಳೆದು ನೋಡಿದರೆ ತಂಗೂಸಿಯ ತುದಿ ಬ್ಲೇಡಿನಿಂದ ಕೊಯ್ದ ಹಾಗೆ, ಓರೆಯಾಗಿ, ನೀಟಾಗಿ ತುಂಡಾಗಿತ್ತು. ಸೀಬಾಸ್‌ನ ಕಿವಿರಿನ ಮುಚ್ಚಳದ ಅಂಚು ಅಷ್ಟು ಹರಿತ. ನಾನು ಹಾಕಿದ್ದು 20 ಪೌಂಡಿನದ್ದು, ಉಳಿಸಿದ್ದು ಎಪ್ಪತ್ತು ರೂಪಾಯಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಾಗೇ ಕಿವಿರಿಗೆ ಬೆರಳು ಹಾಕಿ ಎತ್ತಬೇಡಿ, ಬೆರಳೂ ಹಾಗೇ ಕೊಯ್ದು ಹೋಗುತ್ತದೆ. ಕೆಳದುಟಿ ಹಿಡಿಯುವ ಇಕ್ಕಳ ಇಟ್ಟುಕೊಳ್ಳಿ.

ಇನ್ನೊಮ್ಮೆ, ಅಗ್ಗಕ್ಕೆ ಸಿಕ್ಕಿತು ಅಂತ ತರಿಸಿದ ಲೂರಿನ ಕೊಕ್ಕೆ ಹೇರ್‌ಪಿನ್ ಹಾಗೆ ನೆಟ್ಟಗಾಗಿ ವಾಪಸ್ ಬಂತು. ಯಾರ ಮಾಲು ಅಂತ ಹೆಸರು ಬೇಡ. ಲೂರ್ ಯಾವುದೇ ಇರಲಿ, ಬಂದ ದಿನವೇ ಕೊಕ್ಕೆ ಬದಲಿಸಿ. ರೀಲಿನ ಬ್ರೇಕನ್ನು ಅಂದಾಜಿಗೆ ಬಿಗಿ ಮಾಡಬೇಡಿ. ದಾರದ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆಯಿರಿ. ಮೂರೂವರೆ ಕಿಲೋ ತೋರಿಸುವಾಗ ದಾರ ಬಿಟ್ಟುಕೊಳ್ಳಬೇಕು. ಮೀನು ಹಾರುತ್ತದೆ ಅನ್ನಿಸಿದಾಗ ರಾಡನ್ನು ಎತ್ತಬೇಡಿ, ನೀರಿನ ಕಡೆಗೆ ತಗ್ಗಿಸಿ.

ಒಂದು ಸಂಗತಿ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಸೀಬಾಸ್ ಹೆಚ್ಚಾಗಿ ಗಂಡಾಗಿ ದೊಡ್ಡದಾಗುತ್ತದೆ. ಆರೆಂಟು ವರ್ಷದ ಹೊತ್ತಿಗೆ ಅದೇ ಮೀನು ಹೆಣ್ಣಾಗುತ್ತದೆ. ಅಂದರೆ ನಾವು ಫೋಟೋಗೆ ಆಸೆಪಡುವ ದೊಡ್ಡ ಮೀನುಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ. ಒಂದೊಂದರ ಹೊಟ್ಟೆಯಲ್ಲಿ ಹತ್ತಾರು ಲಕ್ಷ ಮೊಟ್ಟೆ. ಸಿಹಿನೀರಿನಲ್ಲಿ ಬೆಳೆದದ್ದೂ ಮೊಟ್ಟೆ ಇಡಲು ಉಪ್ಪುನೀರಿನ ಅಳಿವೆಗೇ ಇಳಿದು ಬರಬೇಕು. ಕ್ವೀನ್ಸ್‌ಲ್ಯಾಂಡಿನ ಹೊಳೆ, ಅಳಿವೆಗಳಲ್ಲಿ 58 ಸೆಂಟಿಮೀಟರಿಗಿಂತ ಚಿಕ್ಕದನ್ನೂ 120ಕ್ಕಿಂತ ದೊಡ್ಡದನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ನಾನೇನು ಸನ್ಯಾಸಿ ಅಲ್ಲ. ಎರಡು ಕಿಲೋದ್ದು ಸಿಕ್ಕಿದರೆ ಮನೆಗೆ ಒಯ್ಯುತ್ತೇನೆ, ರವಾ ಫ್ರೈಗೆ ಅದೇ ಒಳ್ಳೆಯ ಸೈಜು. ಏಳೆಂಟು ಕಿಲೋದ್ದನ್ನು ಬಿಡುತ್ತೇನೆ. ಬಿಡುವಾಗ ಎಸೆಯಬೇಡಿ. ಹೊಟ್ಟೆಯ ಕೆಳಗೆ ಒದ್ದೆ ಕೈ ಕೊಟ್ಟು, ಮೂತಿ ಹರಿವಿನ ಎದುರಿಗೆ ಇರುವ ಹಾಗೆ ನೀರಲ್ಲಿ ಹಿಡಿದುಕೊಳ್ಳಿ. ಬಾಲ ಬಲವಾಗಿ ಬೀಸಿದಾಗ ಕೈ ತೆಗೆಯಿರಿ. ಮುಖಕ್ಕೆ ನೀರು ಹಾರುತ್ತದೆ, ಒರೆಸಿಕೊಳ್ಳಿ.

ಮಳೆಗಾಲದಲ್ಲಿ ಅಳಿವೆಯ ಕಲ್ಲುದಂಡೆ ಮೇಲೆ ಯಾರೂ ನಿಲ್ಲಬೇಡಿ, ಅದೊಂದು ಮಾತು. ಪಾಚಿ ಕಟ್ಟಿದ ಕಲ್ಲು, ಹಿಂದಿನಿಂದ ಅಲೆ, ರಾತ್ರಿ ಕತ್ತಲು. ನೀರು ಮತ್ತೆ ತಿಳಿಯಾಗುವ ಅಕ್ಟೋಬರ್, ನವೆಂಬರ್ ಇದ್ದೇ ಇದೆ. ಆಮೇಲೆ ಮಾರ್ಚಿನಿಂದ ಮೇ ತನಕ.

ಪ್ರಶ್ನೆ ಇದ್ದರೆ ಇಲ್ಲಿ ಬೇಡ, ಹೊರಗೆ ಕೇಳಿ. ಇಳಿತ ಶುರುವಾಗಿ ಅರ್ಧ ಗಂಟೆ ಆಯ್ತು. ಹೆಣೆದ ದಾರಕ್ಕೆ ತಂಗೂಸಿ ಸೇರಿಸುವ ಗಂಟನ್ನು ಮೈಕಿನಲ್ಲಿ ಹೇಳಿ ಕಲಿಸಲು ಆಗುವುದಿಲ್ಲ, ದೋಣಿ ಕಟ್ಟುವ ಕಡೆ ಬನ್ನಿ, ಕೈಯಲ್ಲಿ ಹಾಕಿ ತೋರಿಸುತ್ತೇನೆ. ಟಾರ್ಚ್ ಇದ್ದವರು ತನ್ನಿ.