ಬಾಲ್ಸಾ ಮರದ ಪುಟ್ಟ ದೋಣಿ ಮಾಡಿದ ಕೆಲಸ

ಮೇಜಿನ ಮೇಲಿರುವುದು ಹಿಗ್ಗಿನ್ಸ್ ದೋಣಿ, 1:35 ಅಳತೆಯ, ಅಂದರೆ ಅಸಲಿಯ 35ನೇ ಒಂದು ಭಾಗದಷ್ಟು ಉದ್ದದ ಪ್ಲಾಸ್ಟಿಕ್ ಮಾದರಿ. ಅಸಲಿ ದೋಣಿಯ ಉದ್ದ ಸುಮಾರು 11 ಮೀಟರ್. ಈ ಮಾದರಿ ಶಾಲೆಯ ಅಡಿಕೋಲಿಗಿಂತ ತುಸು ಉದ್ದ, ಅಷ್ಟೇ. ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು ಇಂಥ ದೋಣಿಗಳೇ ಫ್ರಾನ್ಸ್‌ನ ನಾರ್ಮಂಡಿಯ ಕಡಲತೀರದಲ್ಲಿ ಅಮೆರಿಕದ ಸೈನಿಕರನ್ನು ಇಳಿಸಿದ್ದು. ಮುಂಭಾಗವನ್ನು ಬೆರಳಿನಿಂದ ತಳ್ಳುತ್ತೇನೆ, ನೋಡಿ, ಪೂರ್ತಿ ಕೆಳಗೆ ಬೀಳುತ್ತದೆ. ಇದೇ ರ‍್ಯಾಂಪ್, ಸೈನಿಕರು ನಡೆದು ಇಳಿಯುವ ಹಲಗೆ.

1937ರಲ್ಲಿ ಜಪಾನೀ ಸೇನೆ ಶಾಂಘೈ ಮೇಲೆ ಬಿದ್ದಾಗ ಅಮೆರಿಕದ ಮರೀನ್ ಪಡೆಯ ಯುವ ಲೆಫ್ಟಿನೆಂಟ್ ವಿಕ್ಟರ್ ಕ್ರುಲಾಕ್ ಅಲ್ಲಿದ್ದರು. ಜಪಾನೀ ದೋಣಿಗಳ ಮೂತಿ ಮುಂದಕ್ಕೆ ಮಗುಚಿಕೊಂಡು, ಸೈನಿಕರು ನೆಟ್ಟಗೆ ನಡೆದು ದಡ ಸೇರುವುದನ್ನು ಕಂಡ ಅವರು ಫೋಟೊ ತೆಗೆದು, ವರದಿ ಬರೆದು ವಾಷಿಂಗ್ಟನ್‌ಗೆ ಕಳಿಸಿದರು. ವರದಿ ಕಡತಗಳ ರಾಶಿ ಸೇರಿತು. ಮುಂದೆ ಅವರೇ ಹೋಗಿ ಹುಡುಕಿಸಿದಾಗ ಅದರ ಅಂಚಿನಲ್ಲಿ, ಚೀನಾದಲ್ಲಿರುವ ಯಾವನೋ ತಲೆಕೆಟ್ಟವನ ಕೆಲಸ ಎಂಬರ್ಥದ ಷರಾ ಇತ್ತಂತೆ. ಕಚೇರಿಗಳ ಜಾಯಮಾನ ಎಲ್ಲ ದೇಶಗಳಲ್ಲೂ ಒಂದೇ! ಆಗ ಕ್ರುಲಾಕ್ ಬಾಲ್ಸಾ ಎಂಬ ಹಗುರ ಮರದಲ್ಲಿ ಆ ದೋಣಿಯ ಮಾದರಿ ಮಾಡಿ ಮೇಲಧಿಕಾರಿ ಹಾಲೆಂಡ್ ಸ್ಮಿತ್ ಅವರ ಮುಂದಿಟ್ಟರು. ಕಾಗದಕ್ಕೆ ದಕ್ಕದ ಗಮನ ಮರದ ತುಂಡಿಗೆ ದಕ್ಕಿತು. 1941ರಲ್ಲಿ ನ್ಯೂ ಆರ್ಲಿಯನ್ಸ್‌ನ ಆಂಡ್ರ್ಯೂ ಹಿಗ್ಗಿನ್ಸ್ ತಮ್ಮ ದೋಣಿಗೆ ರ‍್ಯಾಂಪ್ ಜೋಡಿಸಿದರು. ಅಲ್ಲಿಯವರೆಗೆ ಸೈನಿಕರು ಬೆನ್ನಿನ ಹೊರೆ ಸಮೇತ ದೋಣಿಯ ಅಂಚು ಹತ್ತಿ, ಗುಂಡುಗಳಿಗೆ ಎದೆಯೊಡ್ಡಿ ಕೆಳಕ್ಕೆ ಹಾರಬೇಕಿತ್ತು. ಮಾದರಿ ಮಾಡುವುದೆಂದರೆ ದೊಡ್ಡವರ ಆಟಿಕೆ ಎನ್ನುವವರಿಗೆ ನಾನು ಹೇಳುವುದು ಇದೇ ಕಥೆ.

ಈಗ ದೋಣಿಯನ್ನು ಬೋರಲು ಹಾಕುತ್ತೇನೆ. ಹಿಂಬದಿಯಲ್ಲಿ, ತಳದೊಳಗೆ ಸುರಂಗದಂತೆ ಒಂದು ಕುಳಿ ಕಾಣುತ್ತಿದೆಯಲ್ಲ? ಪ್ರೊಪೆಲ್ಲರ್ ಅದರೊಳಗೆ ಅಡಗಿದೆ. ಹಿಗ್ಗಿನ್ಸ್ ಮೊದಲು ದೋಣಿ ಕಟ್ಟಿದ್ದು ಲೂಯಿಸಿಯಾನದ ಜೌಗು ನೀರಿಗೆ, ತೈಲ ಹುಡುಕುವವರಿಗೆ. ಮುಳುಗಿದ ದಿಮ್ಮಿಗೆ ತಗಲಿದರೂ ಪ್ರೊಪೆಲ್ಲರ್ ಮುರಿಯಬಾರದು. ಮರಳಿನ ಮೇಲೇರಿದರೆ ತಾನೇ ಹಿಂದೆ ಸರಿದು ಬರಬೇಕು. ಯುದ್ಧಕ್ಕೆ ಬೇಕಿದ್ದುದೂ ಅದೇ ಗುಣ.

ಬಣ್ಣದ ವಿಷಯದಲ್ಲಿ ನನ್ನದೊಂದು ತಕರಾರಿದೆ. ಎಷ್ಟೋ ಮಂದಿ ಈ ದೋಣಿಯ ಮೈತುಂಬ ತುಕ್ಕು ಬಳಿದು ಪ್ರದರ್ಶನಕ್ಕಿಡುತ್ತಾರೆ. ಒಡಲು ಪ್ಲೈವುಡ್‌ನದು ಸ್ವಾಮಿ, ಪ್ಲೈವುಡ್ ಎಲ್ಲಿಯಾದರೂ ತುಕ್ಕು ಹಿಡಿಯುತ್ತದೆಯೇ? ಉಕ್ಕು ಇದ್ದುದು ರ‍್ಯಾಂಪ್‌ನಲ್ಲಿ ಮತ್ತು ಪಕ್ಕಗಳ ರಕ್ಷಣಾ ತಗಡುಗಳಲ್ಲಿ. ನಾನು ಕಂದು ಬಣ್ಣವನ್ನು ರ‍್ಯಾಂಪ್‌ನ ಕೀಲಿನ ಸುತ್ತ, ಸಣ್ಣ ಕುಂಚದ ತುದಿಯಿಂದ ಮಾತ್ರ ಮುಟ್ಟಿಸುತ್ತೇನೆ. ಉಳಿದ ಕಡೆ ಬೂದು ಬಣ್ಣ, ನೀರು ಸವೆಸಿದ ಅಂಚುಗಳಲ್ಲಿ ಮಸುಕಾದ ಮರದ ಬಣ್ಣ. ಒಳಗೆ 36 ಸೈನಿಕರು ಹಿಡಿಯಬೇಕು. ಬೊಂಬೆಗಳನ್ನು ಜೋಡಿಸುವುದು ಮುಂದಿನ ವಿಡಿಯೊದಲ್ಲಿ. ಮೊದಲು ಈ ಅಂಟು ಒಣಗಲಿ.