ಪ್ರಮಾಣವಚನ ಬೇರೆ, ಪದಗ್ರಹಣ ಬೇರೆ

ಕೇಳುಗರೇ, ನಮಸ್ಕಾರ. ಜುಲೈ ಬಂತೆಂದರೆ ನಮ್ಮ ಊರುಗಳಲ್ಲಿ ರೋಟರಿ ಕ್ಲಬ್ಬಿನ ಆಮಂತ್ರಣ ಓಡಾಡಲು ಶುರು. ‘ಪದಗ್ರಹಣ ಸಮಾರಂಭ’ ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಮಂತ್ರಿಯಾಗುವವರಿಗಾದರೆ ಪತ್ರಿಕೆಗಳು ‘ಪ್ರಮಾಣವಚನ’ ಅನ್ನುತ್ತವೆ. ಎರಡೂ ಒಂದೇ ಅಲ್ವಾ ಅನ್ನುವವರೇ ಜಾಸ್ತಿ. ಒಂದೇ ಅಲ್ಲ.

ಇಲ್ಲಿ ಪದ ಎಂದರೆ ಹುದ್ದೆ. ಗ್ರಹಣ ಎಂದರೆ ಹಿಡಿಯುವುದು. ರಾಹು ಸೂರ್ಯನನ್ನು ಹಿಡಿದರೆ ಸೂರ್ಯಗ್ರಹಣ, ವರ ವಧುವಿನ ಕೈ ಹಿಡಿದರೆ ಪಾಣಿಗ್ರಹಣ, ಕುರ್ಚಿ ಹಿಡಿದರೆ ಪದಗ್ರಹಣ. ಕೆಲವರು ಹಿಡಿದ ಮೇಲೆ ಬಿಡುವುದೇ ಇಲ್ಲ, ಆ ಮಾತು ಬೇರೆ.

ಪ್ರಮಾಣವಚನದಲ್ಲಿ ಬಾಯಿಬಿಟ್ಟು ಹೇಳಬೇಕು. ಜಗಳ ತೀರದಿದ್ದಾಗ ‘ಬಾ, ದೇವರ ಮುಂದೆ ಪ್ರಮಾಣ ಮಾಡು’ ಅಂತಾರಲ್ಲ, ಅದೇ ಪ್ರಮಾಣ. ಆದರೆ ಮಂತ್ರಿ ಹೇಳಬೇಕಾದ ಮಾತು ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಬರೆದಿಟ್ಟಿದೆ. ಒಮ್ಮೆ ಅಧಿಕಾರದ್ದು, ಇನ್ನೊಮ್ಮೆ ಗೋಪ್ಯತೆಯದ್ದು. ರಾಜ್ಯಪಾಲರು ಬೋಧಿಸುತ್ತಾರೆ, ಇವರು ಸ್ವೀಕರಿಸುತ್ತಾರೆ. ಶಾಸಕರಿಗೂ ಪ್ರಮಾಣ ಇದೆ. ಅದನ್ನು ಮಾಡದೆ ಸದನದಲ್ಲಿ ಕೂತರೆ 193ನೇ ವಿಧಿಯಂತೆ ದಿನಕ್ಕೆ 500 ರೂಪಾಯಿ ದಂಡ!

ಪದಗ್ರಹಣಕ್ಕೆ ಇಂಥ ಬಿಗಿ ಇಲ್ಲ. ಡಿ.ಕೆ. ಶಿವಕುಮಾರ್ ಕೆಪಿಸಿಸಿ ಅಧ್ಯಕ್ಷರಾಗಿ ನೇಮಕವಾದದ್ದು 2020ರ ಮಾರ್ಚಿನಲ್ಲಿ. ಕೊರೊನಾ ಬಂತು, ಪದಗ್ರಹಣ ಮುಂದೆ ಹೋಗಿ ಹೋಗಿ ಜುಲೈ 2ಕ್ಕೆ ನಡೆಯಿತು. ಅಷ್ಟು ದಿನ ಅವರೇನು ಅಧ್ಯಕ್ಷರಾಗಿರಲಿಲ್ಲವೇ? ಆಗಿದ್ದರು. ಪಕ್ಷದ ಹುದ್ದೆ ಅದು, ರಾಜ್ಯಪಾಲರಿಗೆ ಅಲ್ಲಿ ಕೆಲಸವಿಲ್ಲ. ಮಂತ್ರಿಗೆ ಹಾಗಾಗುವುದಿಲ್ಲ, ಪ್ರಮಾಣ ಮಾಡುವ ತನಕ ಮಂತ್ರಿಯೇ ಅಲ್ಲ.

ಇದರ ತಿರುಗುಮುರುಗೂ ಉಂಟು. 2023ರ ಮೇ 20ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸಿದ್ದರಾಮಯ್ಯ, ಶಿವಕುಮಾರ್ ಜೊತೆ ಎಂಟು ಮಂದಿ ಮಂತ್ರಿಗಳು ಪ್ರಮಾಣವಚನ ಸ್ವೀಕರಿಸಿದರು, ಆದರೆ ವಾರ ಕಳೆದರೂ ಆ ಎಂಟು ಮಂದಿಗೆ ಖಾತೆ ಹಂಚಿರಲಿಲ್ಲ. ಮಂತ್ರಿ ಹೌದು, ಯಾವ ಇಲಾಖೆಯ ಮಂತ್ರಿ ಅಂತ ಕೇಳಿದರೆ ಉತ್ತರ ಇಲ್ಲ. ಖಾತೆ ಸಿಕ್ಕ ಮೇಲೆ ವಿಧಾನಸೌಧದ ಕೊಠಡಿಗೆ ಪೂಜೆ ಮಾಡಿಸಿ ಕುರ್ಚಿಯಲ್ಲಿ ಕೂರುತ್ತಾರಲ್ಲ, ಪದಗ್ರಹಣ ಅನ್ನುವುದಾದರೆ ಅದನ್ನು ಅನ್ನಿ.

ಇನ್ನು ನಮ್ಮ ತಾಲ್ಲೂಕಿಗೆ ವರ್ಗವಾಗಿ ಬರುವ ತಹಶೀಲ್ದಾರರಿಗೆ ಈ ಎರಡೂ ಇಲ್ಲ. ಸುಮ್ನೆ ಬಂದು, ಕಾಗದಕ್ಕೆ ಸಹಿ ಹಾಕಿ, ಚಾರ್ಜ್ ತಗೊಳ್ತಾರೆ. ನಮಸ್ಕಾರ.